ರೈಟ್ರಿಗೆ ಕನ್ನಡ ಹೋದದ್ದು

ರೈಟ್ರು ಹೋದ ತಿಂಗಳು ಹೊನ್ನೂರಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಹಾಕಬೇಡಿ ಎಂದು ಅವರ ಹೆಂಡತಿ ಹೇಳಿದ್ದಾರೆ. ಅದೂ ಅಲ್ಲದೆ ಕೊಳ್ಳೇಗಾಲದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಜಗುಲಿಯ ಮೇಲೆ ಅರ್ಜಿ ಬರೆಯುವವರು ನಾಲ್ಕು ಜನ ಕೂರುತ್ತಿದ್ದರು. ಮೂವರಿಗೆ ಹೆಸರಿತ್ತು, ಇವರು ಮಾತ್ರ ರೈಟ್ರು.

ಅವರ ಮನೆಯ ಅರ್ಧ ಭಾಗದಲ್ಲಿ ನಾನು ಎಂಟು ವರ್ಷ ಬಾಡಿಗೆಗಿದ್ದೆ. ನನ್ನೂರು ಮುಳ್ಳೂರು. ಕೊಳ್ಳೇಗಾಲದಲ್ಲಿ ಮೇಷ್ಟ್ರು ಕೆಲಸ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ, ಅದೂ ತೊಲೆಯ ತನಕ ಏರಿರಲಿಲ್ಲ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತಿತ್ತು. ಇಷ್ಟು ಹತ್ತಿರ ಇದ್ದೂ, ಅವರು ಎಂಥವರಾಗಿದ್ದರು ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ತಿಳಿಯುವುದಿಲ್ಲ. ಆಪರೇಷನ್ನಿಗೆ ಮುಂಚಿನವರ ಬಗ್ಗೆ ಕೇಳುತ್ತಿದ್ದಾರೋ ಆಮೇಲಿನವರ ಬಗ್ಗೆಯೋ ಎಂದು ಮೊದಲು ಗಲಿಬಿಲಿಯಾಗುತ್ತದೆ.

ಮುಂಚಿನವರಿಂದಲೇ ಶುರು ಮಾಡುತ್ತೇನೆ. ತೆಳ್ಳಗೆ ಉದ್ದಕ್ಕೆ ಇದ್ದರು, ಹಣೆಯಲ್ಲಿ ಮೂರೆಳೆ ವಿಭೂತಿ, ಬಲಗೈಯ ನಡುಬೆರಳಿಗೆ ಯಾವಾಗಲೂ ಮಸಿ. ನಮ್ಮ ಕೊಳ್ಳೇಗಾಲದ ಪಾಡು ನಿಮಗೆ ಗೊತ್ತೇ ಇದೆ. ಜನ ಆಡುವುದು ಕನ್ನಡ, ತಾಲ್ಲೂಕು ಸೇರಿರುವುದು ಮದರಾಸಿಗೆ, ಜಿಲ್ಲೆಯ ಕಚೇರಿ ಕೊಯಮತ್ತೂರಿನಲ್ಲಿ, ಅಲ್ಲಿನ ಗುಮಾಸ್ತರದು ತಮಿಳು, ಅವರ ಮೇಲಿನ ಸಾಹೇಬರದು ಇಂಗ್ಲಿಷು. ಒಬ್ಬ ರೈತನ ದೂರು ಈ ಮೂರು ಮಾತುಗಳನ್ನು ದಾಟಿ ಹೋಗಬೇಕು. ರೈಟ್ರಿಗೆ ಮೂರೂ ಬರುತ್ತಿದ್ದವು. ಬರುತ್ತಿದ್ದವು ಅನ್ನುವುದಕ್ಕಿಂತ, ಒಂದರಿಂದ ಇನ್ನೊಂದಕ್ಕೆ ಅವರು ಹೋಗುವಾಗ ನಮಗೆ ಹೊಸಿಲು ಕಾಣುತ್ತಿರಲಿಲ್ಲ.

ಬಂದವರು ಹೇಳುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕಣ್ಣು ಬಿಟ್ಟು, ಆಯ್ತು, ಈಗ ಸರ್ಕಾರ ಏನು ಮಾಡಬೇಕು ಅಂತೀಯ, ಎಂದು ಕೇಳುತ್ತಿದ್ದರು. ಬೆಳಗಿನಿಂದ ದಾಯಾದಿಯನ್ನು ಬೈದಿದ್ದವನು ಈ ಒಂದು ಪ್ರಶ್ನೆಗೆ ತಬ್ಬಿಬ್ಬಾಗುತ್ತಿದ್ದ. ಕೆಲವರು ಯೋಚನೆ ಮಾಡಿಕೊಂಡು ಬರುತ್ತೇವೆ ಎಂದು ಹೋದವರು ತಿರುಗಿ ಬರುತ್ತಲೇ ಇರಲಿಲ್ಲ.

ಹನೂರಿನ ಆಚೆಯ ಕಾಡಂಚಿನಿಂದ ಒಮ್ಮೆ ಒಬ್ಬ ಸೋಲಿಗ ಮುದುಕ ಬಂದಿದ್ದ. ಜೇನು ತೆಗೆಯಲು ಕಾಡಿನ ಗಾರ್ಡು ಬಿಡುತ್ತಿಲ್ಲ ಎಂಬುದು ಅವನ ದೂರು. ಅದನ್ನು ಹೇಳುವ ಮುಂಚೆ ಜೇನು ಕಟ್ಟುವ ಬಂಡೆಯ ಎತ್ತರ, ಹಗ್ಗ ಹೊಸೆಯುವ ಬಗೆ, ಆ ಬಂಡೆಗೆ ಅವನಪ್ಪ ಮೊದಲು ಇಳಿದದ್ದು ಎಲ್ಲವನ್ನೂ ಹೇಳಿದ. ಮಧ್ಯಾಹ್ನವಾಯಿತು. ರೈಟ್ರು ಎಲ್ಲ ಕೇಳಿ ನಾಲ್ಕು ಸಾಲು ಬರೆದು ಓದಿ ಹೇಳಿದರು. ಮುದುಕ ಕಾಗದವನ್ನೇ ನೋಡಿ, "ಇದ್ರಗೆ ನಮ್ಮಪ್ಪ ಎಲ್ಲವ್ನೆ ಸಾ?" ಎಂದ. ಅಲ್ಲಿದ್ದವರೆಲ್ಲ ನಕ್ಕೆವು. ರೈಟ್ರು ನಗಲಿಲ್ಲ. ಹೊಸ ಹಾಳೆ ತೆಗೆದು ಮೊದಲಿನಿಂದ ಬರೆದು, ನನ್ನ ತಂದೆಯ ಕಾಲದಿಂದಲೂ ಎಂದು ಸೇರಿಸಿ ಕೊಟ್ಟರು.

ಸಾಯಂಕಾಲ ಆ ದಿನದ ಅರ್ಜಿಗಳ ಕಚ್ಚಾ ಹಾಳೆಗಳನ್ನು ಮನೆಗೆ ತರುತ್ತಿದ್ದರು. ಹೆಂಡತಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುವಾಗ ಒಂದೊಂದನ್ನೇ ಓದುತ್ತಿದ್ದರು. ಆಕೆ ಹೊನ್ನೂರಿನವರು, ಯಳಂದೂರು ತಾಲ್ಲೂಕು, ಅಂದರೆ ಮೈಸೂರು ಸೀಮೆ. ತಮಿಳಿನ ಒಂದಕ್ಷರವೂ ತಿಳಿಯದು. ಓದುಬರಹ ಹೆಸರು ಗೀಚುವಷ್ಟು ಮಾತ್ರ. ಆದರೆ ಅರ್ಜಿ ಕೇಳಿ ಅವರು ಹೇಳಿದ್ದೇ ತೀರ್ಪು. ಇವನ್ದೇ ತಪ್ಪು ಅನ್ನಂಗೆ ಅದೆ ಕನ್ರೀ, ಎಂದು ಆಕೆ ಅಂದರೆ ಮಾರನೆಯ ದಿನ ಅದನ್ನು ಬೇರೆ ಥರ ಬರೆಯುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಈ ಓದುವುದು, ಕೇಳುವುದು, ಜಗಳ, ನಗು, ಇದೇ ಅವರ ಸಂಸಾರ. ಗೋಡೆಯ ಈಚೆ ನಾನು ಹುಡುಗರ ಕಾಪಿ ತಿದ್ದುತ್ತ ಎಷ್ಟೋ ಅರ್ಜಿಗಳನ್ನು ಪುಕ್ಕಟೆ ಕೇಳಿದ್ದೇನೆ.

ಕಾಯಿಲೆ ಯಾವಾಗ ಶುರುವಾಯಿತು ಎಂದು ನಿಖರವಾಗಿ ಹೇಳಲಾರೆ. ಬೆಳಿಗ್ಗೆ ಎದ್ದರೆ ತಲೆನೋವು, ವಾಂತಿ. ಪಿತ್ತ ಎಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದರು. ಆಮೇಲೆ ಮಾತಿನ ನಡುವೆ ನಿಲ್ಲತೊಡಗಿದರು. ಬಾಗಿಲು ಹಾಕು ಅನ್ನಬೇಕಾದಲ್ಲಿ, ಅದು ಹಾಕು, ಅದು, ಅದೇ, ಎಂದು ಕೈ ತೋರಿಸುತ್ತಿದ್ದರು. ಒಂದು ಅರ್ಜಿಯಲ್ಲಿ ಒಂದೇ ಸಾಲು ಎರಡು ಸಲ ಬಿತ್ತು. ಇನ್ನೊಂದರಲ್ಲಿ ಕನ್ನಡದ ನಡುವೆ ತಮಿಳಿನ ಅಕ್ಷರಗಳು ಸೇರಿಕೊಂಡವು. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ನನ್ನ ತಲೆಯಲ್ಲಿ ಕಲಸಿಹೋಗಿದೆ. ಅವರಿಗೆ ವಯಸ್ಸಾಗುತ್ತಿದೆ ಎಂದುಕೊಂಡೆ. ಆಗ ಅವರಿಗೆ ನಲವತ್ತೈದು ದಾಟಿರಲಿಲ್ಲ.

ಒಂದು ದಿನ ಜಗುಲಿಯ ಮೇಲೆಯೇ ಬಲಗೈ ತಾನಾಗಿ ಅದುರಿ ಮಸಿಕುಡಿಕೆ ಉರುಳಿತಂತೆ. ಬಾಯಿ ಒಂದು ಕಡೆಗೆ ಎಳೆದು ಕೆಳಗೆ ಬಿದ್ದರು. ಸ್ಕೂಲಿಗೆ ಸುದ್ದಿ ಬಂದು ನಾನು ಓಡಿಹೋಗುವ ಹೊತ್ತಿಗೆ ಎದ್ದು ಕೂತಿದ್ದರು, ಆದರೆ ನನ್ನನ್ನು ಯಾರೋ ಎಂಬಂತೆ ನೋಡಿದರು. ಸುತ್ತ ಇದ್ದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಗಾಳಿ ಸೋಕಿದೆ ಎಂದರು. ಯಾರ ವಿರುದ್ಧವೋ ಅರ್ಜಿ ಬರೆದಿದ್ದಕ್ಕೆ ಅವರು ಮಾಡಿಸಿದ್ದಾರೆ ಎಂದರು. ಮಾಟ ಮಾಡಿಸಲು ದೂರದೂರದಿಂದ ಜನ ನಮ್ಮ ಊರನ್ನು ಹುಡುಕಿಕೊಂಡು ಬರುತ್ತಾರೆ ಎಂದ ಮೇಲೆ ಊರಿನವರಿಗೇ ಅನುಮಾನ ಬಾರದೆ ಇದ್ದೀತೇ. ಹೊನ್ನೂರಿನಿಂದ ಅವರ ಭಾವಮೈದುನ ಬಂದು ತೋಳಿಗೆ ಯಂತ್ರ ಕಟ್ಟಿಸಿದ. ನನಗೆ ನಂಬಿಕೆ ಇರಲಿಲ್ಲ. ಆದರೂ ಗಂಟು ಬಿಗಿಯಾಗಿದೆಯೇ ಎಂದು ನಾನೇ ಎರಡು ಸಲ ನೋಡಿದೆ.

ಯುದ್ಧದಲ್ಲಿ ಕೆಲಸ ಮಾಡಿ ಬಂದಿದ್ದ ವಯಸ್ಸಾದ ಡಾಕ್ಟರೊಬ್ಬರು ಊರಿನಲ್ಲಿದ್ದರು. ಅವರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಿಟಕಿ ಮುಚ್ಚಿಸಿ, ಒಂದು ಸಣ್ಣ ದೀಪದ ಕನ್ನಡಿ ಹಿಡಿದು ರೈಟ್ರ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ನೋಡಿ, ಕಣ್ಣಿನ ನರದ ಬುಡ ಊದಿಕೊಂಡಿದೆ, ತಲೆಬುರುಡೆಯ ಒಳಗೆ ಒತ್ತಡ ಏರಿದೆ, ಅಲ್ಲಿ ಏನೋ ಬೆಳೆಯುತ್ತಿದೆ, ಎಂದರು. ಏನು ಎಂದು ಕೇಳಿದೆ. ತೆರೆದು ನೋಡಿದವರೇ ಹೇಳಬೇಕು ಎಂದರು. ಮದರಾಸಿನಲ್ಲಿ ಈಗ ತಲೆ ತೆರೆದು ಆಪರೇಷನ್ ಮಾಡುವವರು ಬಂದಿದ್ದಾರೆ, ತಡ ಮಾಡಿದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ, ಎಂದು ಒಂದು ಕಾಗದ ಬರೆದುಕೊಟ್ಟರು.

ತಲೆ ತೆರೆಯುವುದು ಎಂದರೆ ನಮಗೆ ಯಾರಿಗೂ ಅರ್ಥವಾಗಲಿಲ್ಲ. ಕೈ ಮುರಿದರೆ ಕಟ್ಟುತ್ತಾರೆ, ಹೊಟ್ಟೆ ಕೊಯ್ಯುತ್ತಾರೆ, ಅದೂ ಕೇಳಿ ಗೊತ್ತು. ಮನುಷ್ಯ ಯೋಚನೆ ಮಾಡುವ ಜಾಗವನ್ನೇ ಕೊಯ್ದರೆ ಅವನು ಎಲ್ಲಿ ಕೂತು ಕಾಯುತ್ತಾನೆ. ಭಾವಮೈದುನ ಬೇಡವೇ ಬೇಡ ಎಂದ.  ಮೂರನೆಯ ದಿನ ರೈಟ್ರ ಹೆಂಡತಿ ನಮ್ಮ ಬಾಗಿಲಿಗೆ ಬಂದು, ಬೇಸಿಗೆ ರಜಾ ಅಲ್ವಾ ಮೇಷ್ಟ್ರೇ, ನೀವ್ ಜೊತೆಗೆ ಬತ್ತೀರಾ, ಎಂದು ಕೇಳಿದರು. ನಾನು ಮೇಷ್ಟ್ರ ತರಬೇತಿಯನ್ನು ಕೊಯಮತ್ತೂರಿನಲ್ಲಿ ಮಾಡಿದ್ದವನು. ತಮಿಳು ಬರುತ್ತಿತ್ತು. ಅದಕ್ಕೇ ಕೇಳಿದ್ದು.

ದಿಂಬದ ಘಾಟಿ ಇಳಿದು ಸತ್ಯಮಂಗಲದ ಮೇಲೆ ಈರೋಡಿಗೆ ಬಸ್ಸು, ಅಲ್ಲಿಂದ ರೈಲು. ಘಾಟಿಯ ಒಂದೊಂದು ತಿರುವಿಗೂ ರೈಟ್ರು ತಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು, ತುಂಬಿದ ಕೊಡ ಹಿಡಿದ ಹಾಗೆ.

ಮದರಾಸಿನ ದೊಡ್ಡಾಸ್ಪತ್ರೆಯಲ್ಲಿ ನಮ್ಮನ್ನು ಒಂದು ಉದ್ದನೆಯ ವಾರ್ಡಿಗೆ ಹಾಕಿದರು. ಬೆಳಿಗ್ಗೆ ಬೆಳಿಗ್ಗೆ ಒಬ್ಬ ಚಿಕ್ಕ ಡಾಕ್ಟರು ಬಂದು ಬೀಗದ ಕೈ, ಬಾಚಣಿಗೆ, ಪೆನ್ನು ತೋರಿಸಿ ಇದೇನು ಎಂದು ತಮಿಳಿನಲ್ಲಿ ಕೇಳುತ್ತಿದ್ದರು, ನಾನು ಕನ್ನಡದಲ್ಲಿ ಕೇಳುತ್ತಿದ್ದೆ. ಬೀಗದ ಕೈಯನ್ನು ರೈಟ್ರು ಒಮ್ಮೆ ತೆರೆಯೋದು ಎಂದರು. ಪೆನ್ನು ನೋಡಿ ಬಲಗೈಯ ನಡುಬೆರಳನ್ನು ತೋರಿಸಿದರು. ಮಸಿಯ ಕಲೆ ಅಷ್ಟು ಹೊತ್ತಿಗೆ ಮಾಸಿತ್ತು.

ತಲೆಯ ಬರೀ ಎಕ್ಸ್‌ರೇಯಲ್ಲಿ ಎಲುಬು ಬಿಟ್ಟು ಬೇರೇನೂ ಕಾಣಲಿಲ್ಲವಂತೆ. ಆಮೇಲೆ ಮಾಡಿದ್ದನ್ನು ಚಿಕ್ಕ ಡಾಕ್ಟರು ವಿವರಿಸಿದರು, ನನಗೆ ತಿಳಿದಷ್ಟು ಬರೆಯುತ್ತೇನೆ. ಮಿದುಳಿನ ನಡುವೆ ನೀರು ತುಂಬಿದ ಸಣ್ಣ ಕೋಣೆಗಳಿರುತ್ತವೆ. ತಲೆ ಬೋಳಿಸಿ, ಹಿಂತಲೆಯ ಎಲುಬಿನಲ್ಲಿ ಎರಡು ತೂತು ಕೊರೆದು, ಸೂಜಿ ಇಳಿಸಿ ಆ ನೀರನ್ನು ತೆಗೆಯುತ್ತಾರೆ. ತೆಗೆದ ಜಾಗಕ್ಕೆ ಗಾಳಿ ಬಿಡುತ್ತಾರೆ. ಗಾಳಿ ಇರುವ ಕಡೆ ಎಕ್ಸ್‌ರೇಯಲ್ಲಿ ಕಪ್ಪಗೆ ಬೀಳುತ್ತದೆ. ಇಷ್ಟೂ ಆಗುವಾಗ ರೋಗಿಗೆ ಎಚ್ಚರವಿರುತ್ತದೆ, ಚರ್ಮಕ್ಕೆ ಮಾತ್ರ ಮರಗಟ್ಟುವ ಮದ್ದು.

ಅದನ್ನು ಮಾಡುವ ದಿನ ಬೆಳಿಗ್ಗೆ ರೈಟ್ರನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿನ ಮೇಲೆ ವಾರ್ಡಿಗೆ ತಿರುಗಿ ತಂದು ಮಲಗಿಸಿದರು. ಚಿಕ್ಕ ಡಾಕ್ಟರು ನಮ್ಮನ್ನು ಹೊರಗೆ ಕರೆದು ಹಸಿ ಫಿಲ್ಮನ್ನು ದೀಪದ ಮುಂದೆ ಎತ್ತಿ ತೋರಿಸಿದರು. ನಡುಗೆರೆಯ ಆಚೆಗೊಂದು ಈಚೆಗೊಂದು ಚಿಟ್ಟೆಯ ರೆಕ್ಕೆಯ ಹಾಗೆ ಕಪ್ಪು ಇರಬೇಕಿತ್ತು, ನೋಡಿ, ಎಡಗಡೆಯದು ಅಪ್ಪಚ್ಚಿಯಾಗಿ ಎರಡೂ ಬಲಕ್ಕೆ ಸರಿದಿವೆ, ತಳ್ಳಿದ್ದು ಈ ಜಾಗದಲ್ಲಿದೆ, ಎಂದು ಬೆರಳಿಟ್ಟರು. ಬೆರಳಿಟ್ಟ ಜಾಗದಲ್ಲಿ ನನಗೆ ಏನೂ ಕಾಣಲಿಲ್ಲ. ಕಾಣುತ್ತದೆ ಎಂದು ತಲೆಯಾಡಿಸಿದೆ.

ಇನ್ನು ಒಂದು ಗಂಟೆಯೊಳಗೆ ತಲೆ ತೆರೆಯಬೇಕು, ಹೆಂಡತಿಯ ರುಜು ಬೇಕು, ಎಂದರು ದೊಡ್ಡ ಡಾಕ್ಟರು. ಅವರು ಸಾವಧಾನದ ಮನುಷ್ಯ, ಎಲ್ಲವನ್ನೂ ಬಿಡಿಸಿ ತಮಿಳಿನಲ್ಲಿ ನನಗೆ ಹೇಳಿದರು. ಎಲುಬಿನ ಒಂದು ತುಂಡನ್ನು ಮುಚ್ಚಳದ ಹಾಗೆ ಎತ್ತುತ್ತೇವೆ, ಗಡ್ಡೆ ಬಿಡಿಸಲು ಬಂದರೆ ಬಿಡಿಸುತ್ತೇವೆ, ಜೀವಕ್ಕೆ ಅಪಾಯ ಇದೆ, ಮಾಡದಿದ್ದರೆ ಇನ್ನೂ ಹೆಚ್ಚು. ಆಮೇಲೆ ಇನ್ನೊಂದು ಮಾತು ಹೇಳಿದರು. ಗಡ್ಡೆ ಇರುವುದು ಮಾತಿನ ಜಾಗದ ಪಕ್ಕದಲ್ಲಿ, ಬದುಕಿದರೂ ಮಾತು ಪೂರಾ ಹೋಗಬಹುದು, ತಿರುಗಿ ಬಾರದೆಯೂ ಇರಬಹುದು, ಅದನ್ನು ಆಕೆಗೆ ಹೇಳಿ.

ನಾನು ಮೊದಲಿನದೆಲ್ಲ ಹೇಳಿದೆ. ಕೊನೆಯದನ್ನು ಹೇಳಲಿಲ್ಲ. ಯಾಕೆ ಎಂದು ಈಗಲೂ ನನಗೆ ಗೊತ್ತಿಲ್ಲ. ಹೇಳಿದರೆ ಆಕೆ ರುಜು ಹಾಕಲಾರರು ಎಂದಿರಬೇಕು. ಆಕೆ ನನ್ನ ಮುಖ ನೋಡಿ, "ಇಷ್ಟೇನಾ ಅವ್ರು ಏಳಿದ್ದು?" ಎಂದರು. ಇಷ್ಟೇ ಎಂದೆ. ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು.

ಆಪರೇಷನ್ ಮಧ್ಯಾಹ್ನ ಕಳೆದು ಸಾಯಂಕಾಲದ ತನಕ ಹಿಡಿಯಿತು. ನಿಂಬೆಕಾಯಿ ಗಾತ್ರದ ಗಡ್ಡೆ, ಸಿಪ್ಪೆಸಹಿತ ಬಂದಿದೆ, ಕ್ಯಾನ್ಸರ್ ಅಲ್ಲ, ಕ್ಷಯದ ಗಂಟು, ಎಂದು ದೊಡ್ಡ ಡಾಕ್ಟರು ಹೇಳಿದರು. ಕ್ಷಯ ಎದೆಗೆ ಬರುವುದಲ್ಲವೇ ಎಂದು ಕೇಳಿದೆ. ಎಲ್ಲಿಗೆ ಬೇಕಾದರೂ ಹೋಗುತ್ತದೆ ಎಂದರು. ಇನ್ನು ಮೇಲೆ ಬಹಳ ದಿನ ಸೂಜಿಮದ್ದು ಕೊಡಿಸಬೇಕಿತ್ತು. ತಲೆಗೆ ಬಟ್ಟೆ ಸುತ್ತಿ ಮಲಗಿಸಿದ್ದ ರೈಟ್ರನ್ನು ದೂರದಿಂದ ನೋಡಿ ಆಕೆ ಗೋಡೆಗೆ ಒರಗಿ ಕೂತುಬಿಟ್ಟರು.

ಆರೇಳು ದಿನ ರೈಟ್ರು ಏನೂ ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ತಣ್ಣಿ, ಎಂದರು. ನರ್ಸಿಗೆ ಹೇಳಿದ್ದು ಎಂದುಕೊಂಡೆವು. ನೀರು ಕುಡಿಸಿದ್ದು ಹೆಂಡತಿ. ಆಕೆಯನ್ನು ನೋಡಿ, ಪೋದುಂ, ಎಂದರು. ಸಾಕು ಅಂತಿದ್ದಾರೆ ಎಂದು ನಾನು ಹೇಳಬೇಕಾಯಿತು. ಮಾರನೆಯ ದಿನ ಇನ್ನಷ್ಟು ಮಾತು ಬಂತು. ಎಲ್ಲ ತಮಿಳು. ಇಂಗ್ಲಿಷಿನದು ಒಂದೂ ಬರಲಿಲ್ಲ. ವಾರ ಕಳೆಯಿತು. ತಮಿಳಿನಲ್ಲಿ ಸಣ್ಣ ಸಣ್ಣ ವಾಕ್ಯ ಕೂಡಿಸತೊಡಗಿದರು. ಹೆಂಡತಿ ಕನ್ನಡದಲ್ಲಿ ಮಾತಾಡಿದರೆ ಆಕೆಯ ತುಟಿಗಳನ್ನು ನೋಡುತ್ತಿದ್ದರು, ಆಮೇಲೆ ನನ್ನ ಕಡೆ ತಿರುಗುತ್ತಿದ್ದರು.

ದೊಡ್ಡ ಡಾಕ್ಟರಿಗೆ ಹೇಳಿದೆ. ಹೀಗೂ ಆಗುವುದುಂಟು, ಎರಡು ಮೂರು ಭಾಷೆ ಬಲ್ಲವರಲ್ಲಿ ಒಂದು ಬೇಗ ಬರುತ್ತದೆ, ಒಂದು ಹಿಂದೆ ಬೀಳುತ್ತದೆ, ಯಾಕೆ ಎಂದು ನಮಗೂ ಚೆನ್ನಾಗಿ ತಿಳಿಯದು, ಎಂದರು. ಹುಟ್ಟಿದ ಮಾತು ಉಳಿದು ಕಲಿತ ಮಾತು ಹೋಗಬೇಕಲ್ಲವೇ ಎಂದೆ. ಹಾಗಂತ ನಿಯಮ ಇಲ್ಲ ಎಂದರು.

ಗಂಡ ಹೆಂಡಿರ ನಡುವೆ ದುಭಾಷಿಯಾಗುವುದು ಎಂಥ ಕೆಲಸ ಎಂದು ಆಗ ತಿಳಿಯಿತು. ಅವಳ ಸೆರಗು ಒದ್ದೆಯಾಗಿದೆ, ಬದಲಾಯಿಸಿಕೊಳ್ಳಲು ಹೇಳಿ, ಎನ್ನುತ್ತಿದ್ದರು ಅವರು. ಊಟ ಸೇರ್ತಾ ಅಂತ ಕೇಳಿ, ಎನ್ನುತ್ತಿದ್ದರು ಆಕೆ. ಇಷ್ಟೇ. ಇದಕ್ಕಿಂತ ಒಳಗಿನದು ಮೂರನೆಯವನ ಬಾಯಲ್ಲಿ ಹೇಗೆ ಹೋದೀತು. ಒಂದು ದಿನ ಮಾತ್ರ ಆಕೆ ನೆಲ ನೋಡುತ್ತ, "ನಾನ್ಯಾರು ಅಂತ ಗೊತ್ತಾ, ಕೇಳಿ ಮೇಷ್ಟ್ರೇ" ಎಂದರು. ಕೇಳಿದೆ. ರೈಟ್ರಿಗೆ ಸಿಟ್ಟು ಬಂತು. ನನ್ನ ಹೆಂಡತಿ, ಎಂದರು ತಮಿಳಿನಲ್ಲಿ. ಅವಳ ಮಾತು ಕಿವಿಗೆ ಕೇಳುತ್ತದೆ, ಅವಳ ದನಿ ಎಂದು ಗೊತ್ತಾಗುತ್ತದೆ, ಒಳಕ್ಕೆ ಮಾತ್ರ ಬರುವುದಿಲ್ಲ, ಎಂದರು. ಅದನ್ನು ನಾನು ಒಂದಕ್ಷರ ಬಿಡದೆ ಹೇಳಿದೆ.

ಕೊಳ್ಳೇಗಾಲಕ್ಕೆ ಹಿಂದಿರುಗಿದ ಮೇಲೆ ಗೊಂದಲ ಇನ್ನೂ ಹೆಚ್ಚಾಯಿತು. ನಮ್ಮ ತಾಲ್ಲೂಕು ಮೈಸೂರಿಗೆ ಸೇರಬೇಕೋ, ಮದರಾಸಿನಲ್ಲೇ ಇರಬೇಕೋ ಎಂದು ಆಗಲೇ ಮಾತು ಎದ್ದಿತ್ತು. ಕ್ಷೌರದಂಗಡಿ, ಹೋಟೆಲು, ರೇಷ್ಮೆ ಮಗ್ಗದ ಕೇರಿ, ಎಲ್ಲಿ ಹೋದರೂ ಅದೇ ಚರ್ಚೆ. ಇಂಥ ಹೊತ್ತಿನಲ್ಲಿ ಕನ್ನಡದ ಮನುಷ್ಯನೊಬ್ಬ ಮದರಾಸಿಗೆ ಹೋಗಿ ಬಂದು ನನಗೆ ಕನ್ನಡ ಬರುವುದಿಲ್ಲ ಎಂದರೆ ಜನ ಏನೆನ್ನುತ್ತಾರೆ. ನಾಟಕ ಎಂದರು. ಆ ಕಡೆಯವರು ಏನೋ ಆಸೆ ತೋರಿಸಿರಬೇಕು ಎಂದರು. ಹೊನ್ನೂರಿನ ಭಾವಮೈದುನ ಬಂದು, ಮದರಾಸಲ್ಲಿ ತಲೆ ತೆಗ್ದು ಬ್ಯಾರೆ ತಲೆ ಇಟ್ಟವ್ರೆ, ನೀನು ನಮ್ಮೂರಿಗೆ ಬಾ ಅಕ್ಕ, ಎಂದು ಕರೆದ. ಆಕೆ ಹೋಗಲಿಲ್ಲ.

ನನಗೂ ಅನುಮಾನ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಅವರು ಹಿತ್ತಲಿನಲ್ಲಿ ಕಲ್ಲಿನ ಮೇಲೆ ಕೂತಿದ್ದಾಗ ನಾನು ಸದ್ದಿಲ್ಲದೆ ಹಿಂದೆ ಹೋಗಿ ನಿಂತು, ರೈಟ್ರೇ, ಕಾಲ ಹತ್ರ ಹಾವು, ಎಂದು ಕನ್ನಡದಲ್ಲಿ ಅಂದೆ. ಮನುಷ್ಯ ನಿಜವಾಗಿ ಬಲ್ಲ ಮಾತಿಗೆ ಕಾಲು ತಾನಾಗಿ ಎತ್ತಿಕೊಳ್ಳುತ್ತದಲ್ಲ. ಅವರ ಕಾಲು ಅಲುಗಲಿಲ್ಲ. ನನ್ನ ದನಿ ಗುರುತು ಹಿಡಿದು ನಿಧಾನ ತಿರುಗಿ, ಸಂತೋಷದಿಂದ ನಕ್ಕು, ವಾಂಗ ಎಂದು ಪಕ್ಕದ ಜಾಗ ತೋರಿಸಿದರು. ನಾನು ಹೋಗಿ ಕೂತೆ. ಏನು ಮಾತಾಡಿದೆವೋ ನೆನಪಿಲ್ಲ.

ಸೂಜಿಮದ್ದು ದಿನಾ ನಡೆಯುತ್ತಿತ್ತು. ಜಗುಲಿಯ ಜಾಗ ಖಾಲಿ ಉಳಿಯಿತು. ಹನೂರಿನಿಂದ ಆಚೆ ತಾಲ್ಲೂಕಿನ ಗಡಿ ಕಡೆಯ ತಮಿಳಿನವರು ನಾಲ್ಕಾರು ಜನ ಮನೆಗೇ ಬಂದು ಬರೆಸಿಕೊಂಡು ಹೋದರು. ಬಲಗೈಗೆ ಬಲ ಇರಲಿಲ್ಲ. ಎಡಗೈಯಿಂದ ಕಾಗದ ಒತ್ತಿ ಹಿಡಿದು ಒಂದು ಪುಟಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದರು. ಸಾಯಂಕಾಲ ಗೋಡೆಯ ಆಚೆಯಿಂದ ಅಕ್ಕಿ ಕೇರುವ ಸದ್ದು ಮಾತ್ರ ಕೇಳುತ್ತಿತ್ತು.

ಆಗ ಆಕೆ ತಮಿಳು ಕಲಿಯಲು ನಿಂತರು. ಸ್ಕೂಲು ಬಿಟ್ಟ ಮೇಲೆ ನಾನು ಐದೈದು ಮಾತು ಹೇಳಿಕೊಡುತ್ತಿದ್ದೆ. ಆಕೆ ಕಸ ಗುಡಿಸುವಾಗ, ಮುದ್ದೆ ತಿರುವುವಾಗ ಅದನ್ನೇ ಬಾಯಲ್ಲಿ ಆಡಿಸುತ್ತಿದ್ದರು. ನಲವತ್ತರ ನಾಲಗೆ, ಒತ್ತು ಎಲ್ಲೆಲ್ಲೋ ಬೀಳುತ್ತಿತ್ತು. ರೈಟ್ರು ಅದನ್ನು ತಿದ್ದುತ್ತಿದ್ದರು. ತಿದ್ದುವಾಗ ಹಳೆಯ ರೈಟ್ರ ಛಾಯೆ ಮುಖದ ಮೇಲೆ ಬಂದು ಹೋಗುತ್ತಿತ್ತು.

ಹೀಗೆ ಹೇಳಿಕೊಡುತ್ತಿದ್ದಾಗ ಒಂದು ದಿನ ಆಕೆ ನಡುವೆ ನಿಲ್ಲಿಸಿ, ಮಾತು ಓಯ್ತದೆ ಅಂತ ಡಾಕ್ಟ್ರು ಅವತ್ತೇ ಏಳಿದ್ರಾ ಮೇಷ್ಟ್ರೇ, ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಆಕೆ ನನ್ನನ್ನೇ ನೋಡುತ್ತಿದ್ದರು. ಹೌದು ಎಂದೆ. ಎಲ್ಲ ಹೇಳಿದೆ. ಹೇಳಿದ್ದರೆ ನೀವು ರುಜು ಹಾಕುತ್ತಿರಲಿಲ್ಲವೇನೋ ಎಂದು ಭಯವಾಯಿತು ಅಂದೆ.

ಆಕೆ ಬೈಯಲಿಲ್ಲ. "ರುಜು ಆಕ್ತಿದ್ದೆ. ಆದ್ರೆ ಇನ್ನೂ ಒಂದು ಗಂಟೆ ಇತ್ತಲ್ಲ ಮೇಷ್ಟ್ರೇ. ಅವರ ಪಕ್ಕದಲ್ಲಿ ಕೂತು ನಾಕು ಮಾತಾಡ್ತಿದ್ದೆ" ಎಂದರು.

ಆ ಒಂದು ಗಂಟೆ ನಾವು ಮೂವರೂ ಸುಮ್ಮನೆ ಕಾದಿದ್ದೆವು. ಅವರಿಗೆ ಎಚ್ಚರವಿತ್ತು. ಮಾತು ಕುಂಟುತ್ತಿದ್ದರೂ ಕನ್ನಡ ಇನ್ನೂ ಇತ್ತು.  ಮಾರನೆಯ ದಿನ ಆಕೆ ಪಾಠಕ್ಕೆ ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು.

ಕನ್ನಡ ಬಂದದ್ದು ಸುಮಾರು ಹತ್ತು ತಿಂಗಳ ಮೇಲೆ. ಬಂದದ್ದು ಮನೆಯ ಕನ್ನಡ ಅಲ್ಲ, ಅರ್ಜಿಯ ಕನ್ನಡ. ಒಂದು ದಿನ ಊಟಕ್ಕೆ ಕೂತವರು ತಟ್ಟೆ ನೋಡಿ, ತಡೆದು ತಡೆದು, "ಸಾರು ದಯಪಾಲಿಸಬೇಕಾಗಿ ಪ್ರಾರ್ಥನೆ" ಎಂದರು. ಗೋಡೆಯ ಈಚೆ ನಾನು ಉಣ್ಣುತ್ತಿದ್ದವನು ಕೈ ತಡೆದೆ.  ಆ ಕಡೆ ಆಕೆ ನಗಲು ಶುರು ಮಾಡಿದರು. ಆ ನಗು ನಿಲ್ಲಲಿಲ್ಲ, ಕೊನೆಗೆ ಅದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. ಎದ್ದು ಹೋಗಬೇಕೋ ಬೇಡವೋ ಎಂದು ತುತ್ತು ಹಿಡಿದು ಕೂತಿದ್ದೆ.

ಆಮೇಲಿನ ದಿನಗಳಲ್ಲಿ ಅವರ ಕನ್ನಡ ಕೇಳಲು ಕೇರಿಯ ಜನ ನೆವ ಮಾಡಿಕೊಂಡು ಬರುತ್ತಿದ್ದರು. ಮೇಕೆ ಹಿತ್ತಲಿಗೆ ನುಗ್ಗಿದರೆ, ಸದರಿ ಮೇಕೆಯು, ಎನ್ನುತ್ತಿದ್ದರು. ನನ್ನನ್ನು ಕಂಡರೆ, ಮೇಷ್ಟ್ರ ಸನ್ನಿಧಾನಕ್ಕೆ, ಎಂದು ಕೈ ಮುಗಿಯುತ್ತಿದ್ದರು. ತಮಾಷೆ ಮಾಡುತ್ತಿದ್ದಾರೋ, ಬೇರೆ ಮಾತು ಸಿಗದೆ ಹೇಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಕೇಳಿದರೆ ಅವರಿಗೂ ತಿಳಿಯದು ಎಂದು ಕಾಣುತ್ತದೆ. ನಿಧಾನವಾಗಿ ಬಾ, ಕೂತ್ಕೊ, ಉಂಡ್ಯಾ ಎನ್ನುವಂಥ ಮಾತುಗಳು ಬಂದವು. ಅಷ್ಟಕ್ಕೇ ನಿಂತವು. ಹೆಂಡತಿ ಹರಕು ತಮಿಳಿನಲ್ಲಿ, ಗಂಡ ಹರಕು ಕನ್ನಡದಲ್ಲಿ ಮಾತಾಡಿಕೊಂಡು ಒಂದೂವರೆ ವರ್ಷ ಕಳೆದರು. ನನ್ನನ್ನು ದುಭಾಷಿ ಕೆಲಸಕ್ಕೆ ಕರೆಯುವುದು ನಿಂತುಹೋಯಿತು. ಸಂತೋಷಪಡಬೇಕಾಗಿತ್ತು. ಏನೋ ಕಳೆದುಕೊಂಡ ಹಾಗೂ ಆಯಿತು.

ಆಮೇಲೆ ಮತ್ತೆ ಕೈ ಅದುರುವುದು ಕಾಣಿಸಿತು. ಹಳೆಯ ಡಾಕ್ಟರು ಕಣ್ಣು ನೋಡಿ, ಇನ್ನೊಂದು ಸಲ ಮದರಾಸಿಗೆ ಹೋಗುವುದಾದರೆ ಹೋಗಿ, ಎಂದರು. ಈ ಸಲ ರೈಟ್ರೇ ಬೇಡ ಎಂದರು, ಎರಡೂ ಭಾಷೆಯಲ್ಲಿ. ಮನೆ ಮಾರಿ ಹೊನ್ನೂರಿಗೆ ಹೊರಟರು. ಬಸ್ಸು ಹತ್ತುವಾಗ ನನ್ನ ಕೈಯನ್ನು ಎಡಗೈಯಲ್ಲಿ ಹಿಡಿದು, ಬಹಳ ಹೊತ್ತು ಹುಡುಕಿ, ಇತಿ, ಎಂದರು. ಮುಂದಿನದು ಸಿಗಲಿಲ್ಲ. ಕಂಡಕ್ಟರು ಸೀಟಿ ಊದಿದ.

ನಾನು ಎರಡು ಸಲ ಹೊನ್ನೂರಿಗೆ ಹೋಗಿ ನೋಡಿ ಬಂದೆ. ಎರಡನೆಯ ಸಲ ಹೋದಾಗ ಗದ್ದೆಯ ಬದುವಿನ ಮೇಲೆ ತೆಂಗಿನ ನೆರಳಲ್ಲಿ ಕೂರಿಸಿದ್ದರು. ಕಣ್ಣು ಮಂಜಾಗಿತ್ತು. ಭಾವಮೈದುನನೇ ಹೆಗಲು ಕೊಟ್ಟು ಎತ್ತಿ ಕೂರಿಸುತ್ತಿದ್ದ. ಬೇರೆ ತಲೆ ಇಟ್ಟವ್ರೆ ಎಂದಿದ್ದವನು ಅವನೇ.

ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋಗುವಷ್ಟರಲ್ಲಿ ಮಣ್ಣು ಮಾಡಿ ಐದು ದಿನವಾಗಿತ್ತು. ಆಕೆ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಕೊನೆಯ ದಿನ ಬೆಳಿಗ್ಗೆ ಅವರಿಗೆ ಚೆನ್ನಾಗಿ ಎಚ್ಚರವಾಗಿತ್ತಂತೆ. ಆಕೆಯ ಕೈ ಹಿಡಿದುಕೊಂಡು ಮಾತಾಡಲು ಶುರು ಮಾಡಿದರಂತೆ. ತಡೆಯಲಿಲ್ಲ, ತೊದಲಲಿಲ್ಲ, ಮೊದಲಿನ ಹಾಗೆ ಸರಾಗವಾಗಿ, ನಡುನಡುವೆ ನಗುತ್ತ, ಬಿಸಿಲು ಮೆಟ್ಟಿಲಿಗೆ ಬರುವ ತನಕ ಮಾತಾಡಿದರಂತೆ.

ಏನು ಹೇಳಿದರು ಎಂದು ಕೇಳಿದೆ.

"ಗೊತ್ತಾಗ್ನಿಲ್ಲ ಮೇಷ್ಟ್ರೇ. ಕನ್ನಡಾನೂ ಅಲ್ಲ, ತಮಿಳೂ ಅಲ್ಲ. ನೀವ್ ಏಳ್ಕೊಟ್ಟಿದ್ದು ಒಂದು ಮಾತೂ ಅದ್ರಗಿರ್ನಿಲ್ಲ. ನಾನು ಊಂ, ಊಂ ಅಂತ ಕೇಳ್ತಾ ಇದ್ದೆ. ಅವ್ರು ನಕ್ಕಾಗ ನಕ್ಕೆ" ಎಂದರು ಆಕೆ. ಆಮೇಲೆ, "ನಿಮ್ಮನ್ನ ಕರೆಸ್ಬೇಕಾಗಿತ್ತೇನೋ" ಎಂದರು.

"ಬೇಕಿರಲಿಲ್ಲ ಕಣಮ್ಮ" ಎಂದೆ.

ಆಕೆ ತಲೆಯಾಡಿಸಿ, ಉಂಡ್ಕಂಡು ಓಗಿ, ಎಂದು ಒಳಗೆದ್ದು ಹೋದರು.